ಸಾಕವ್ವನ ಕಿರ್ದಿ

ಮುಧೋಳಕ್ಕೆ ನಾಯಿಯಿಂದ ಹೆಸರು ಬಂತು. ರಬಕವಿ-ಬನಹಟ್ಟಿಗೆ ಸೀರೆಯಿಂದ, ಮಹಾಲಿಂಗಪುರಕ್ಕೆ ಬೆಲ್ಲದಿಂದ, ಜಮಖಂಡಿಗೆ ಪಟವರ್ಧನರ ಸಂಸ್ಥಾನದಿಂದ, ಬೀಳಗಿಗೆ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳಿಂದ. ಹೀಗೆ ಒಂದೊಂದಕ್ಕೆ ಒಂದೊಂದು ಕೀರ್ತಿ ಹಂಚಿಹೋದ ಮೇಲೂ ಇಡೀ ಸೀಮೆಗೆ ಸೇರಿದ ಒಂದು ದೊಡ್ಡ ವಿದ್ಯೆ ಹಾರ-ಶಾಲು ಕಾಣದೆ ಉಳಿದುಬಿಟ್ಟಿದೆ. ಅದು ಲೆಕ್ಕದ ವಿದ್ಯೆ. ಅಡತಿ ಅಂಗಡಿಯಲ್ಲಿ ಕೂತು ಕಿರ್ದಿ ಬರೆಯುವ ಗುಮಾಸ್ತರ ಲೆಕ್ಕ ಬಿಡಿ, ಅವರು ಆಗಾಗ ತಪ್ಪುತ್ತಾರೆ. ಪಡಸಾಲೆಯಲ್ಲಿ ಕೂತು, ಕಾಗದ ಪೆನ್ನು ಮುಟ್ಟದೆ, ಕೂಸು ಹುಟ್ಟಿದ ಗಳಿಗೆಗೇ ಅದರ ಮುಂದಿನ ಐದು ವರ್ಷದ ಖರ್ಚಿನ ಅಂದಾಜು ಕಟ್ಟುವ ನಮ್ಮ ಮನೆತನಗಳ ಲೆಕ್ಕ ತಪ್ಪಿದ್ದನ್ನು ಯಾರೂ ಕಂಡಿಲ್ಲ. ಎಷ್ಟು ತಿಂಗಳು ಎದೆಹಾಲು, ಜ್ವರ ಬಂದರೆ ಎಷ್ಟು ದಿನ ಕಾಯಬೇಕು, ಯಾವ ಊರಿನ ಡಾಕ್ಟರ ತನಕ ಹೋಗಬಹುದು, ಸಾಲ ಎಷ್ಟು ಎತ್ತಬಹುದು, ಎಲ್ಲ ಒಂದೇ ಕಣ್ಣೋಟದಲ್ಲಿ ಇತ್ಯರ್ಥ. ಆ ಕಣ್ಣು ಮಾತ್ರ ಕೂಸಿನ ಮುಖದ ಮೇಲೆ ಇರುವುದಿಲ್ಲ.

ಮೊದಲ ಪಾಠ ಸಿಹಿಯಿಂದಲೇ ಶುರು. ಗಂಡು ಹುಟ್ಟಿದರೆ ಓಣಿಗೆಲ್ಲ ಪೇಢೆ. ಹೆಣ್ಣು ಹುಟ್ಟಿದರೆ "ಲಕ್ಷ್ಮಿ ಬಂದ್ಳು" ಎಂಬ ಮಾತು. ಪೇಢೆಗೆ ದುಡ್ಡು ಬೇಕು, ಮಾತಿಗೆ ಬೇಡ. ಲಕ್ಷ್ಮಿ ಬಂದ ಸಂತೋಷಕ್ಕೆ ಇದ್ದ ಲಕ್ಷ್ಮಿ ಹೊರಗೆ ಹೋಗಬಾರದಲ್ಲ. ಬಾಣಂತಿಯ ಅಂಟಿನುಂಡಿಯಲ್ಲೂ ಇದೇ ಮಿತವ್ಯಯ ಕಾಣುತ್ತೀರಿ. ಚೊಚ್ಚಲ ಹೆರಿಗೆಯ ಉಂಡಿ ತವರಿನ ಖರ್ಚು, ಆದ್ದರಿಂದ ಅದರಲ್ಲಿ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲ ಇರುತ್ತವೆ. ಎರಡನೆಯದೂ ಹೆಣ್ಣಾದರೆ ಗೋಡಂಬಿ ಬಿಟ್ಟುಹೋಗುತ್ತದೆ. ಮೂರನೆಯದಕ್ಕೆ ಉತ್ತತ್ತಿ. ನಾಲ್ಕನೆಯದಕ್ಕೆ ಪೇಟೆಯಲ್ಲಿ ಅಂಟೇ ಸಿಗುವುದಿಲ್ಲ. ಐದನೆಯದು ಗಂಡಾದರೆ, ಆಶ್ಚರ್ಯ, ಅದೇ ಪೇಟೆಯಲ್ಲಿ ಅದೇ ವಾರ ಅಂಟು, ಗೋಡಂಬಿ, ಕೇಸರಿ ಎಲ್ಲ ಒಮ್ಮೆಗೇ ಬಂದಿಳಿಯುತ್ತವೆ. ಹಡೆದವಳು ಅದೇ ಹೆಂಗಸು, ಅವಳ ನಡುವೂ ಅದೇ ನಡು. ಆದರೂ ಗಂಡು ಹಡೆದ ನಡುವಿಗೆ ನೋವು ಹೆಚ್ಚು ಎಂಬುದನ್ನು ನಮ್ಮವರು ಯಾವ ವೈದ್ಯ ಕಾಲೇಜಿಗೂ ಹೋಗದೆ ಕಂಡುಕೊಂಡಿದ್ದಾರೆ.

ಕೃಷ್ಣೆಯ ದಂಡೆಗೆ ಇಂಥ ಒಂದು ಮನೆ ನನಗೆ ಚೆನ್ನಾಗಿ ಗೊತ್ತು. ಮೂರು ಎಕರೆ ಕಬ್ಬು, ಎರಡು ಎಮ್ಮೆ, ನಾಲ್ಕು ಹೆಣ್ಣುಮಕ್ಕಳ ಮೇಲೆ ಒಬ್ಬ ಗಂಡುಮಗ. ಮನೆಯ ಕಿರ್ದಿ ಆಯಿಯ ತಲೆಯಲ್ಲಿ. ನಾಲ್ಕನೆಯ ಮೊಮ್ಮಗಳಿಗೆ ಒಂಬತ್ತು ತಿಂಗಳು ತುಂಬಿದಾಗ ಆಶಾ ಕಾರ್ಯಕರ್ತೆ ಬಂದಿದ್ದಳು. ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆ.

"ಆಯಿ, ಗುರುವಾರ ಕೂಸಿನ್ನ ಅಂಗನವಾಡಿಗೆ ಕರ್ಕೊಂಡ ಬರ್ರಿ. ದಡಾರದ ಇಂಜೆಕ್ಷನ್ ಐತಿ."

"ಯಾವ ಕೂಸಿನ್ನ?"

"ಸಣ್ಣಾಕಿನ್ನರೀ."

"ಆಕೀದ ಬಿಡ ತಂಗಿ, ಹೆಣ್ಣ ಜೀವ ಗಟ್ಟಿ. ಇಂಜೆಕ್ಷನ್ ಮಾಡಿದ್ರ ಎರಡ ದಿನಾ ಜ್ವರಾ ಬರತಾವ. ಆಕಿ ಅವ್ವ ಕಸಾ ತಗ್ಯಾಕ ಹೋಗೂದ ನಿಂದ್ರತೈತಿ. ಎರಡ ದಿನದ ಪಗಾರ ನೀ ಕೊಡ್ತಿ?"

ಎರಡು ವರ್ಷದ ಮೇಲೆ ಅದೇ ಕಟ್ಟೆ, ಅದೇ ಚಹಾ, ಅದೇ ಆಶಾ. ಆಯಿ ಬಾಗಿಲಲ್ಲೇ ಅವಳನ್ನು ತಡೆದು ನಿಲ್ಲಿಸಿದಳು.

"ಏನವಾ ತಂಗಿ, ನಮ್ಮ ತಮ್ಮಗ ಒಂಬತ್ತ ತಿಂಗಳ ತುಂಬಿ ಮೂರ ದಿನಾ ಆತು. ನೀ ಈ ಕಡೆ ಹಣಿಕೀನೂ ಹಾಕಲಿಲ್ಲಲ್ಲ! ನಾಳೆ ಕೂಸಿಗೆ ಏನರ ಆತಂದ್ರ ಯಾರ ಜವಾಬ್ದಾರಿ? ಸರಕಾರ ನಿಮಗ ಪಗಾರ ಯಾಕ ಕೊಡತೈತಿ?"

ಆಶಾಗೆ ಪಗಾರವಲ್ಲ, ಗೌರವಧನ. ಅದು ಹಾಗಿರಲಿ. ಎರಡು ವರ್ಷದಲ್ಲಿ ಒಬ್ಬ ಎಪ್ಪತ್ತು ವರ್ಷದ ಮುದುಕಿಗೆ ರೋಗನಿರೋಧಕ ಶಾಸ್ತ್ರ ಇಷ್ಟು ಚೆನ್ನಾಗಿ ಮನನವಾದದ್ದು ಯಾವ ತರಬೇತಿಯಿಂದಲೂ ಆಗುವ ಕೆಲಸವಲ್ಲ.

"ಹೆಣ್ಣ ಜೀವ ಗಟ್ಟಿ" ಎಂಬ ಮಾತನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಅದು ಅಪ್ಪಟ ವಿಜ್ಞಾನ. ಜಗತ್ತಿನ ಬಹುತೇಕ ಎಲ್ಲ ದೇಶಗಳಲ್ಲಿ ಐದು ವರ್ಷದೊಳಗೆ ಸಾಯುವವರಲ್ಲಿ ಗಂಡು ಕೂಸುಗಳೇ ಹೆಚ್ಚು. ಹೆಣ್ಣು ಕೂಸು ಹುಟ್ಟಿನಿಂದಲೇ ಬದುಕುವ ಹಟ ಹೊತ್ತು ಬರುತ್ತದೆ. ಈ ನಿಯಮವನ್ನು ದಶಕಗಳ ಕಾಲ ತಿರುವಿಹಾಕಿ ತೋರಿಸಿದ ದೊಡ್ಡ ದೇಶ ನಮ್ಮದು. ಇಲ್ಲಿ ಐದು ವರ್ಷದೊಳಗೆ ಹೆಣ್ಣುಗಳೇ ಹೆಚ್ಚು ಸಾಯುತ್ತಿದ್ದವು. ನಿಸರ್ಗ ಕೊಟ್ಟ ಮುಂಗಡವನ್ನು ಬರೀ ತಡಮಾಡಿ, ಬರೀ ಕಾದು ನೋಡಿ ಕರಗಿಸಿಬಿಡುವುದು ಸಾಮಾನ್ಯರ ಕೈಲಾಗುವ ಮಾತೇ? ಯಾರೂ ವಿಷ ಹಾಕಲಿಲ್ಲ, ಕೈ ಎತ್ತಲಿಲ್ಲ. "ನಾಳೆ ನೋಡೂಣು" ಎಂದರು, ಅಷ್ಟೇ.

ದವಾಖಾನೆಯ ವಿಷಯದಲ್ಲೂ ನಮ್ಮ ಮನೆತನಗಳ ಹತ್ತಿರ ಒಂದು ನಕಾಶೆ ಇದೆ. ಮೊದಲು ಒಲೆಯ ಮುಂದಿನ ಅಜವಾನ ಮತ್ತು ಬಜೆ, ಆಮೇಲೆ ಕಿರಾಣಿ ಅಂಗಡಿಯ ಗುಳಿಗೆ, ಆಮೇಲೆ ಊರ ಡಾಕ್ಟರ, ಆಮೇಲೆ ಜಮಖಂಡಿಯೋ ಮುಧೋಳವೋ, ಆಮೇಲೆ ಬಾಗಲಕೋಟೆ, ಎಲ್ಲಕ್ಕೂ ಕೊನೆಗೆ ಮಿರಜ. 1894ರಲ್ಲಿ ಡಾ. ವಾನ್‌ಲೆಸ್ ಅಲ್ಲಿ ಮಿಷನ್ ದವಾಖಾನೆ ತೆರೆದಂದಿನಿಂದ ನಮ್ಮ ಕಡೆ "ಮಿರಜಕ್ಕ ಒಯ್ದ್ರು" ಅಂದರೆ ಮಾಡಬೇಕಾದದ್ದೆಲ್ಲ ಮಾಡಿ ಮುಗಿಸಿದರು ಎಂದೇ ಅರ್ಥ. ಗಂಡು ಕೂಸಿಗೆ ಎರಡು ಸಲ ವಾಂತಿಯಾದರೆ ಗಾಡಿ ನೇರ ಮಿರಜಕ್ಕೆ. ಹೆಣ್ಣು ಕೂಸಿನ ಪ್ರಯಾಣ ಮಾತ್ರ ನಿಧಾನದ್ದು, ಪ್ರತಿ ನಿಲ್ದಾಣದಲ್ಲೂ ಇಳಿದು ನೀರು ಕುಡಿದು ಹೋಗುವಂಥದ್ದು. ಎಷ್ಟೋ ಸಲ ಅಜವಾನದ ಸ್ಟಾಪಿನಲ್ಲೇ ಬಂಡಿ ನಿಂತುಬಿಡುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆಯಾದಾಗ ಈ ನಕಾಶೆ ಹರಿದುಹೋಗುತ್ತದೇನೋ ಎಂದು ನನಗೆ ಅಳುಕಿತ್ತು. ಚಾರ್ಜು ಇಲ್ಲ ಎಂಬ ಕಾರಣವೇ ಹೋಯಿತಲ್ಲ! ಸುಳ್ಳು ಅಳುಕು. "ಬಸ್ ಪುಕ್ಕಟ ಐತಿ ಖರೆ, ಎಮ್ಮಿ ಯಾರ ಹಿಂಡತಾರ?" ಎಂದು ಆಯಿ ಆ ವಾರವೇ ಹೊಸ ಕಾರಣ ತಯಾರಿಸಿಕೊಂಡಳು.

ಎಮ್ಮೆಯ ಮಾತು ಬಂತು. ಈ ಮನೆಯಲ್ಲಿ ಹೆಣ್ಣನ್ನು ಕಂಡರೆ ಆಗುವುದಿಲ್ಲ ಎಂದು ಯಾರಾದರೂ ಆರೋಪ ಹೊರಿಸಿದರೆ ಅವರನ್ನು ದನದ ಕೊಟ್ಟಿಗೆಗೆ ಕರೆದುಕೊಂಡು ಹೋಗಿ. ಎಮ್ಮೆ ಹೆಣ್ಣುಗರು ಹಾಕಿದ ದಿನ ಆಯಿ ಊರ ದೇವರಿಗೆ ಕಾಯಿ ಒಡೆಸಿದ್ದಳು. ಕರುವಿಗೆ ತಾಯಿಯ ಒಂದು ಮೊಲೆ ಮೀಸಲು ಬಿಟ್ಟು ಹಿಂಡುತ್ತಿದ್ದರು. ಚಳಿಗೆ ಗೋಣಿಚೀಲ ಹೊದಿಸಿದರು, ಗಂಟಲಬೇನೆಯ ಲಸಿಕೆಗೆ ಪಶುವೈದ್ಯರನ್ನು ಸೈಕಲ್ ಮೋಟಾರಿನ ಮೇಲೆ ಕೂಡ್ರಿಸಿಕೊಂಡು ಬಂದರು. ಗಂಡುಗರು ಹುಟ್ಟಿದ್ದರೆ? ಆ ಬಗ್ಗೆ ಮಾತು ಬೇಡ. ಅಂದರೆ ನಮ್ಮ ಜನ ಗಂಡು-ಹೆಣ್ಣೆಂದು ಭೇದ ಮಾಡುವವರಲ್ಲ, ಯಾರು ಹಾಲು ಕೊಡುತ್ತಾರೆ ಎಂಬುದನ್ನು ನೋಡುವವರು. ಮುಧೋಳ ನಾಯಿಯ ವಿಷಯವೂ ಅಷ್ಟೇ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂತು, ತಿಮ್ಮಾಪುರದಲ್ಲಿ ಅದರ ತಳಿ ಕಾಯಲು ಒಂದು ಸರಕಾರಿ ಕೇಂದ್ರವೇ ಇದೆ. ಮರಿ ಗಂಡಿರಲಿ ಹೆಣ್ಣಿರಲಿ, ಸಾಕುವವನು ಇಂಜೆಕ್ಷನ್ನಿನ ತಾರೀಖು ತಪ್ಪಿಸುವುದಿಲ್ಲ, ತಪ್ಪಿಸಿದರೆ ಗಿರಾಕಿ ಕೇಳುತ್ತಾನೆ. ಕೂಸಿಗೆ ಗಿರಾಕಿ ಇಪ್ಪತ್ತು ವರ್ಷದ ಮೇಲೆ ಬರುವವನು. ಅವನೂ ಲಸಿಕೆ ಬರೆದ ತಾಯಿ ಕಾರ್ಡು ತೋರಿಸು ಅನ್ನುವುದಿಲ್ಲ, ಬಂಗಾರ ಎಷ್ಟು ತೊಲೆ ಅನ್ನುತ್ತಾನೆ. ಹೀಗಿರುವಾಗ ಇಂಜೆಕ್ಷನ್ನಿಗೆ ಹಾಕಿದ ದುಡ್ಡು ಯಾವ ಖಾತೆಗೆ ಜಮಾ ಆಗಬೇಕು, ನೀವೇ ಹೇಳಿ.

ನಮ್ಮ ಆಯಿಯರಿಗೆ ಸಹಜವಾಗಿ ಒಲಿದದ್ದನ್ನು ತಿಳಿಯಲು ಅಮೆರಿಕದ ವಿಶ್ವವಿದ್ಯಾಲಯಗಳ ಪಂಡಿತರು ವರ್ಷಗಟ್ಟಲೆ ಬೆವರು ಸುರಿಸಿದ್ದಾರೆ ಎಂಬುದು ನಮಗೆ ಹೆಮ್ಮೆಯ ಸಂಗತಿ. 2011ರಲ್ಲಿ ಸೀಮಾ ಜಯಚಂದ್ರನ್ ಮತ್ತು ಇಲ್ಯಾನಾ ಕುಝಿಯೆಂಕೊ ಎಂಬ ಅರ್ಥಶಾಸ್ತ್ರಜ್ಞೆಯರು ಭಾರತದ ತಾಯಂದಿರು ಹೆಣ್ಣು ಕೂಸಿಗೆ ಎದೆಹಾಲು ಬೇಗ ಬಿಡಿಸುವುದು ಏಕೆ ಎಂದು ಒಂದು ದೊಡ್ಡ ಪ್ರಬಂಧ ಬರೆದರು. ಅವರು ಕಂಡುಕೊಂಡ ಗುಟ್ಟು ಇಷ್ಟು: ಕೂಸು ಹಾಲು ಕುಡಿಯುವ ತನಕ ತಾಯಿ ಮತ್ತೆ ಬಸಿರಾಗುವುದು ತಡವಾಗುತ್ತದೆ. ಹುಟ್ಟಿದ್ದು ಹೆಣ್ಣಾದರೆ ಮನೆಗೆ ಗಂಡಿನ ಅವಸರ, ಆದ್ದರಿಂದ ಹಾಲು ಬಿಡಿಸುವುದೂ ಅವಸರ. ಇದನ್ನು ಆಯಿಗೆ ಓದಿ ಹೇಳಿದೆ. ಅವಳು ಎಲೆಗೆ ಸುಣ್ಣ ಸವರುತ್ತ, "ಅದಕ್ಕ ಅಲ್ಲೇನು ನಾ ಆಕಿ ಎದಿಗೆ ಬೇವಿನ ರಸಾ ಹಚ್ಚಂದಿದ್ದು. ಇಷ್ಟ ತಿಳ್ಯಾಕ ಅಮೆರಿಕಾಕ್ಕ ಹೋಗಬೇಕಾ?" ಎಂದಳು. 2014ರಲ್ಲಿ ಬಾರ್ಸೆಲೋಸ್ ಮತ್ತು ಅವರ ಜೊತೆಗಾರರ ಇನ್ನೊಂದು ಅಧ್ಯಯನ ಬಂತು. ಭಾರತದ ಮನೆಗಳಲ್ಲಿ ಸಣ್ಣ ಗಂಡುಮಕ್ಕಳ ಆರೈಕೆಗೆ ಹೆಣ್ಣುಮಕ್ಕಳಿಗಿಂತ ಶೇಕಡಾ ಹತ್ತರಷ್ಟು ಹೆಚ್ಚು ಹೊತ್ತು ಸಿಗುತ್ತದೆ, ಎದೆಹಾಲೂ ಹೆಚ್ಚು ತಿಂಗಳು, ಲಸಿಕೆಯೂ ಹೆಚ್ಚು ಎಂದು ಅದು ಹೇಳಿತು. ಶೇಕಡಾ ಹತ್ತು! ಅಡತಿ ಅಂಗಡಿಯವರೂ ಇಷ್ಟು ಕಮಿಷನ್ ಹಿಡಿಯಲು ಹೆದರುತ್ತಾರೆ.

ಕಬ್ಬಿನವರಿಗೆ ಇದು ಇನ್ನೂ ಬೇಗ ತಿಳಿಯುತ್ತದೆ. ಹೊಸದಾಗಿ ನಾಟಿ ಮಾಡಿದ ಕಬ್ಬಿಗೆ ತಿಪ್ಪೆಗೊಬ್ಬರ, ಸರಕಾರಿ ಗೊಬ್ಬರ, ಡ್ರಿಪ್ಪು, ಕಸ ತೆಗೆಯುವುದು ಎಲ್ಲ ಉಂಟು. ಅದನ್ನು ಕಡಿದು ಕಾರ್ಖಾನೆಗೆ ಕಳಿಸಿದ ಮೇಲೆ ಅದೇ ಬೇರಿನಿಂದ ಚಿಗುರುವ ಕುಳೆ ಕಬ್ಬಿಗೆ ಉಳಿದದ್ದು ಬಳಿದದ್ದು. ಬಂದಷ್ಟು ಬರಲಿ. 2017ರಲ್ಲಿ ಅದೇ ಜಯಚಂದ್ರನ್, ರೋಹಿಣಿ ಪಾಂಡೆ ಅವರೊಡನೆ ಸೇರಿ ಭಾರತದ ಮಕ್ಕಳು ಆಫ್ರಿಕಾದ ಎಷ್ಟೋ ಬಡ ದೇಶಗಳ ಮಕ್ಕಳಿಗಿಂತ ಕುಳ್ಳಗಿರುವುದೇಕೆ ಎಂದು ನೋಡಿದರು. ಮನೆಯ ಹಿರಿಮಗ ಅಲ್ಲಿಯವರಿಗಿಂತ ಕುಳ್ಳನಲ್ಲ. ಕೊರತೆ ಶುರುವಾಗುವುದು ಅವನ ಆಚೀಚೆ ಹುಟ್ಟಿದವರಲ್ಲಿ, ಕೆಳಗಿಳಿದಷ್ಟೂ ಹೆಚ್ಚು. ನಾಟಿ ಕಬ್ಬು, ಕುಳೆ ಕಬ್ಬು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಬೆಳೆದಿಲ್ಲ, 65 ಮಕ್ಕಳಿಗೆ ರಕ್ತಹೀನತೆ. ಬನಹಟ್ಟಿಯ ನೇಕಾರರು ಗಾಬರಿಯಾಗುವುದು ಬೇಡ. ಉಡುವವಳು ಎಷ್ಟು ಕುಳ್ಳಗಿದ್ದರೂ ಸೀರೆಯ ಅಳತೆ ಅಷ್ಟೇ ಇರುತ್ತದೆ. ಎರಡು ನೆರಿಗೆ ಹೆಚ್ಚು ಬರಬಹುದು.

ಈಗ ನಾನು ಬಹಳ ಮೆಚ್ಚಿದ ಅಧ್ಯಾಯಕ್ಕೆ ಬರುತ್ತೇನೆ. ಇದನ್ನು ಒಂದು ಲೆಕ್ಕದ ಮೂಲಕ ಹೇಳಬೇಕು, ಓದುಗರು ಬೆರಳು ಮಡಚಿಕೊಂಡು ಬರಬೇಕು. ನೂರು ಮನೆ ಇವೆ ಎನ್ನಿ. ಎಲ್ಲರದ್ದೂ ಒಂದೇ ನಿಯಮ: ಗಂಡು ಹುಟ್ಟಿದ ದಿನ ನಿಲ್ಲಿಸುವುದು, ಹೆಣ್ಣಾದರೆ ಮುಂದುವರಿಸುವುದು. ಮೊದಲ ಹೆರಿಗೆಗೆ ಐವತ್ತು ಮನೆಯಲ್ಲಿ ಗಂಡು. ಅವರು ಪೇಢೆ ಹಂಚಿ ನಿಲ್ಲಿಸಿದರು. ಉಳಿದ ಐವತ್ತರಲ್ಲಿ ಇಪ್ಪತ್ತೈದಕ್ಕೆ ಎರಡನೆಯದು ಗಂಡು. ಉಳಿದ ಇಪ್ಪತ್ತೈದು ಮುಂದೆ ನಡೆದರು. ಹೀಗೇ ಹೋದರೆ ಕೊನೆಗೆ ನೂರು ಗಂಡು, ಹೆಚ್ಚುಕಡಿಮೆ ನೂರು ಹೆಣ್ಣು. ಯಾರನ್ನೂ ಕೊಂದಿಲ್ಲ, ಸ್ಕ್ಯಾನಿಂಗಿಗೆ ಹೋಗಿಲ್ಲ, ಜನಗಣತಿಯವರು ಬಂದರೆ ಶಹಬ್ಬಾಸ್ ಅಂದುಹೋಗಬೇಕು. ಆದರೆ ಒಳಗೆ ಹೋಗಿ ನೋಡಿ. ನೂರು ಗಂಡುಮಕ್ಕಳಲ್ಲಿ ಐವತ್ತು ಮಂದಿ ಮನೆಗೊಬ್ಬರೇ, ಇಡೀ ಚರಿಗೆ ಹಾಲು ಅವರದೇ. ನೂರು ಹೆಣ್ಣುಮಕ್ಕಳಲ್ಲಿ ಒಂಟಿಯಾಗಿ ಬೆಳೆದವಳು ಒಬ್ಬಳೂ ಇಲ್ಲ! ಪ್ರತಿಯೊಬ್ಬಳ ಜೊತೆಗೂ ಒಬ್ಬ ತಮ್ಮ, ಹೆಚ್ಚಿನವರಿಗೆ ಒಬ್ಬರೋ ಮೂವರೋ ಅಕ್ಕತಂಗಿಯರು, ಎಲ್ಲರಿಗೂ ಸೇರಿ ಅದೇ ಒಂದು ಚರಿಗೆ. ಹೆಣ್ಣುಮಕ್ಕಳಿಗೆ ಒಂಟಿತನ ಕಾಡಬಾರದೆಂದು ಇಷ್ಟು ಮುತುವರ್ಜಿ ವಹಿಸಿದ ಸಮಾಜ ಇನ್ನೆಲ್ಲಿದೆ? ತಂದೆ ಇಬ್ಬರನ್ನೂ ಸಮನಾಗಿ ಪ್ರೀತಿಸುವ ದೇವರಂಥ ಮನುಷ್ಯ ಎಂದೇ ಇಟ್ಟುಕೊಳ್ಳಿ, ಆಗಲೂ ಹೆಣ್ಣು ದೊಡ್ಡ ಸಂಸಾರದಲ್ಲೇ ಬೆಳೆಯುತ್ತಾಳೆ, ಗಂಡು ಸಣ್ಣ ಸಂಸಾರದಲ್ಲೇ. ಕೈಗೆ ರಕ್ತ ಹತ್ತದ ಇಂಥ ಅಚ್ಚುಕಟ್ಟನ್ನು ನಾನು ಬೇರೆಲ್ಲೂ ಕಾಣೆ. ದಿಲ್ಲಿಯವರು 2017-18ರ ಆರ್ಥಿಕ ಸಮೀಕ್ಷೆಯಲ್ಲಿ ಈ ಅಚ್ಚುಕಟ್ಟನ್ನು ಅಳೆದು, ಗಂಡಿಗಾಗಿ ಕಾಯುತ್ತ ಹಡೆದ "ಬೇಡದ" ಹೆಣ್ಣುಮಕ್ಕಳು ಈ ದೇಶದಲ್ಲಿ ಸುಮಾರು 2.1 ಕೋಟಿ ಎಂದು ಬರೆದರು. ಆ ವರ್ಷದ ಸಮೀಕ್ಷೆಗೆ ಗುಲಾಬಿ ಬಣ್ಣದ ರಕ್ಷಾಪುಟ ಹಾಕಿದ್ದರು. ನಮ್ಮ ಕಡೆಯಾಗಿದ್ದರೆ ಅಷ್ಟು ಬಣ್ಣಕ್ಕೂ ಖರ್ಚು ಮಾಡುತ್ತಿರಲಿಲ್ಲ.

ಗಂಡು ಹುಟ್ಟಿದ ಮೇಲೆ ಆಪರೇಷನ್. ಇದರಲ್ಲಿ ಮಾತ್ರ ಹೆಣ್ಣಿಗೆ ಪೂರಾ ಮೀಸಲಾತಿ. ಆಗ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇಕಡಾ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಗಂಡಸರ ಲೆಕ್ಕ ಸೊನ್ನೆಯ ಹತ್ತಿರ. ಗಂಡಸರಿಗೆ ಕಬ್ಬಿನ ಗಾಡಿ ಏರುವ ಕೆಲಸ ಇರುತ್ತದೆ.

ಇನ್ನು ಹೆಸರಿನ ಪಾಂಡಿತ್ಯ. ಬೇರೆ ಭಾಷೆಯವರಿಗೆ ಇಲ್ಲದ ಒಂದು ಅನುಕೂಲ ಕನ್ನಡಕ್ಕಿದೆ: "ಸಾಕು" ಎಂದರೆ ಪೋಷಿಸು ಎಂದೂ ಆಗುತ್ತದೆ, ಇನ್ನು ಬೇಡ ಎಂದೂ ಆಗುತ್ತದೆ. ಮೂರನೆಯದೋ ನಾಲ್ಕನೆಯದೋ ಹೆಣ್ಣಿಗೆ ಸಾಕವ್ವ ಎಂದು ಕರೆದರೆ, ಕೇಳಿದವರು ಸಾಕಿ ಬೆಳೆಸಿದ ಪ್ರೀತಿ ಎಂದುಕೊಳ್ಳುತ್ತಾರೆ, ದೇವರಿಗೆ ಮಾತ್ರ ಸರಿಯಾದ ಅರ್ಥ ಮುಟ್ಟುತ್ತದೆ. ಒಂದೇ ಶಬ್ದದಲ್ಲಿ ಲೋಕಕ್ಕೆ ಮರ್ಯಾದೆ, ದೇವರಿಗೆ ಅರ್ಜಿ. ಮರಾಠಿಯವರಿಗೆ ಈ ಶ್ಲೇಷ ಒಲಿದಿಲ್ಲ. ಅವರು ನೇರವಾಗಿ "ನಕುಶಾ", ಬೇಡವಾದವಳು, ಎಂದೇ ಹೆಸರಿಟ್ಟು ಸಿಕ್ಕಿಬಿದ್ದರು. 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯಲ್ಲಿ ಅಂಥ 285 ಹುಡುಗಿಯರನ್ನು ಒಂದೇ ಸಮಾರಂಭದಲ್ಲಿ ಕೂಡಿಸಿ ಹೊಸ ಹೆಸರು ಇಡಬೇಕಾಯಿತು. ನಮ್ಮ ಸಾಕವ್ವರಿಗೆ ಅಂಥ ಸಮಾರಂಭದ ಖರ್ಚೂ ಇಲ್ಲ.

ಹಿಂದೆ ಇಲ್ಲಿ ಇಷ್ಟು ಲೆಕ್ಕ ಬರುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ ಕವಿ ರನ್ನ. ಮುಧೋಳದ ಬಳೆಗಾರರ ಹುಡುಗ, ಸಾವಿರ ವರ್ಷದ ಹಿಂದಿನ ಮಾತು. ಅವನು ತನಗೆ ಆಶ್ರಯ ಕೊಟ್ಟ ಇಬ್ಬರ ಹೆಸರನ್ನು ತನ್ನ ಇಬ್ಬರು ಮಕ್ಕಳಿಗೆ ಇಟ್ಟ. ಚಾವುಂಡರಾಯನ ನೆನಪಿಗೆ ಮಗ ರಾಯ, ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಿಗೆ ಮಗಳು ಅತ್ತಿಮಬ್ಬೆ. ಮಗಳ ಹೆಸರಿಗೂ ಅಷ್ಟೇ ತೂಕದ ಬಂಡವಾಳ ಹಾಕಿಬಿಟ್ಟ. ಕವಿಚಕ್ರವರ್ತಿಯೇನೋ ಸರಿ, ವ್ಯವಹಾರ ಗೊತ್ತಿರಲಿಲ್ಲ.

ಅವನ ನಂತರ ಬಂದವರು ಬೇಗ ಸುಧಾರಿಸಿಕೊಂಡರು. ಗಂಡಿಲ್ಲದ ಮನೆಗಳಲ್ಲಿ ಒಬ್ಬ ಮಗಳನ್ನು ಸವದತ್ತಿ ಎಲ್ಲಮ್ಮನ ಹೆಸರಿಗೆ ಬಿಟ್ಟು, ಅವಳನ್ನು ಮನೆಯಲ್ಲೇ ಉಳಿಸಿಕೊಂಡು, ಅವಳ ಹೊಟ್ಟೆಯಲ್ಲಿ ಹುಟ್ಟಿದ್ದರಿಂದ ವಂಶ ನಡೆಸಿದರು. ಹೆಣ್ಣನ್ನು ಗಂಡಿನ ಸ್ಥಾನಕ್ಕೆ ಏರಿಸಿದ ಆ ಪ್ರಗತಿಪರ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು. ಅಲ್ಲಿಂದ ಮುಂದೆ ಯಂತ್ರದ ಕಾಲ.

ಯಂತ್ರದ ಬಗ್ಗೆ ಹೆಚ್ಚು ಹೇಳುವುದು ಬೇಡ. ಹೊಗಳಿಕೆಯೂ ಎಲ್ಲೋ ಒಂದು ಕಡೆ ನಾಲಿಗೆಗೆ ಅಂಟುತ್ತದೆ. 1994ರ ಕಾಯ್ದೆ, ಹೊಟ್ಟೆಯಲ್ಲಿರುವುದು ಏನೆಂದು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಬೇರಾವ ರೀತಿಯಿಂದಾಗಲಿ ತಿಳಿಸಕೂಡದು ಎನ್ನುತ್ತದೆ. ಕಣ್ಣುಮಿಟುಕಿಗೂ ಕಾಯ್ದೆ ಮಾಡಬೇಕಾಯಿತು ಎಂದರೆ ನಮ್ಮ ಜನರ ಚುರುಕುತನಕ್ಕೆ ಸಂಸತ್ತೇ ಹಾಕಿದ ಹಾರ ಅದು. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ 946, 2011ರಲ್ಲಿ 948. ಇಪ್ಪತ್ತು ವರ್ಷದಲ್ಲಿ ಸಾವಿರಕ್ಕೆ ಹನ್ನೆರಡು ಉಳಿತಾಯ. 2023ರ ಕೊನೆಗೆ ಮಂಡ್ಯದ ಕಡೆ ಒಂದು ಆಲೆಮನೆಯಲ್ಲೇ ಸ್ಕ್ಯಾನಿಂಗ್ ನಡೆಸುತ್ತಿದ್ದರೆಂದು ಪೊಲೀಸರು ಪತ್ತೆಹಚ್ಚಿದಾಗ, ಬೆಲ್ಲದ ವಿಷಯದಲ್ಲಿ ದಕ್ಷಿಣದವರು ನಮ್ಮನ್ನು ಹಿಂದೆ ಹಾಕಿದರಲ್ಲ ಎಂದು ಇಲ್ಲಿಯವರಿಗೆ ಕಸಿವಿಸಿಯಾಗಿರಬೇಕು. ಬಹಳ ದಿನ ಕಾಯಬೇಕಾಗಲಿಲ್ಲ. 2024ರ ಮೇ ತಿಂಗಳಲ್ಲಿ ಮಹಾಲಿಂಗಪುರದ ಒಂದು ಮನೆಯಲ್ಲಿ ಅಕ್ರಮ ಗರ್ಭಪಾತ ಮಾಡಿಸಿಕೊಂಡ ಮೇಲೆ ಮಹಾರಾಷ್ಟ್ರದಿಂದ ಬಂದಿದ್ದ ತಾಯಿಯೊಬ್ಬಳು ಸತ್ತಳೆಂದು ಪೊಲೀಸರು ಪ್ರಕರಣ ದಾಖಲಿಸಿದರು. ಅವಳ ಮನೆಯಲ್ಲಿ ಆಗಲೇ ಇಬ್ಬರು ಹೆಣ್ಣುಮಕ್ಕಳಿದ್ದರು. ಮಹಾಜನ ವರದಿ ಬಂದು 1967ರಿಂದ ಇಂದಿನ ತನಕ ಎರಡೂ ರಾಜ್ಯದವರು ಗಡಿಗಾಗಿ ಕಚ್ಚಾಡುತ್ತಾರೆ, ಬಸ್ಸುಗಳ ಮುಖಕ್ಕೆ ಮಸಿ ಬಳಿಯುತ್ತಾರೆ, ಬೋರ್ಡಿನ ಭಾಷೆಗಾಗಿ ಹೊಡೆದಾಡುತ್ತಾರೆ. ಆ ಹೆಂಗಸನ್ನು ಕರೆತಂದ ದಾರಿಯಲ್ಲಿ ಗಡಿ ಯಾರಿಗೂ ಅಡ್ಡ ಬರಲಿಲ್ಲ. ಈ ಒಂದು ವ್ಯವಹಾರಕ್ಕೆ ಕನ್ನಡ-ಮರಾಠಿ ಎರಡೂ ಚೆನ್ನಾಗಿ ನಡೆಯುತ್ತವೆ.

ಸರಕಾರವೂ ತನ್ನ ಕೈಲಾದ ಮಟ್ಟಿಗೆ ಲೆಕ್ಕ ಕಲಿಯಲು ನೋಡುತ್ತಿದೆ. 2006ರಲ್ಲಿ ಭಾಗ್ಯಲಕ್ಷ್ಮಿ ಬಾಂಡು ಬಂತು, ಬಡವರ ಮನೆಯ ಎರಡು ಹೆಣ್ಣುಮಕ್ಕಳ ತನಕ. ಕೂಸಿಗೆ ಲಸಿಕೆ ಹಾಕಿಸಿರಬೇಕು, ಅಂಗನವಾಡಿಗೆ ಶಾಲೆಗೆ ಕಳಿಸಿರಬೇಕು, ಹದಿನೆಂಟರ ಒಳಗೆ ಮದುವೆ ಮಾಡಿರಬಾರದು ಎಂಬ ಷರತ್ತುಗಳಿವೆ. ಆಯಿಯ ಟ್ರಂಕಿನಲ್ಲಿ ಹಿರಿಯ ಇಬ್ಬರು ಮೊಮ್ಮಕ್ಕಳ ಬಾಂಡುಗಳು ಪ್ಲಾಸ್ಟಿಕ್ ಚೀಲದಲ್ಲಿ, ನುಸಿ ಗುಳಿಗೆಯ ಜೊತೆ, ಬಹಳ ಭದ್ರವಾಗಿವೆ. ಆ ಬಾಂಡುಗಳಿಗೆ ಈ ಮನೆಯಲ್ಲಿ ಒಂದು ದಿನವೂ ನೆಗಡಿ ಬರಲು ಬಿಟ್ಟಿಲ್ಲ. 2022ರಿಂದ ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಎರಡನೆಯ ಕೂಸು ಹೆಣ್ಣಾದರೆ ಮಾತ್ರ ಆರು ಸಾವಿರ ಕೊಡುತ್ತಾರೆ. ಈ ಸುದ್ದಿ ಕೇಳಿ ಆಯಿ ಸರಕಾರದ ಬಗ್ಗೆ ಮೊದಲ ಬಾರಿಗೆ ಮರುಕ ತೋರಿಸಿದಳು: "ಪಾಪ, ಅವರ್ಗೂ ಗೊತ್ತಾಗೈತಿ, ಎರಡನೇದ ಹೆಣ್ಣಾದ್ರ ಮನ್ಯಾಗ ಎಷ್ಟ ದುಃಖಾ ಅಂತ. ಪರಿಹಾರ ಕೊಡಾಕತ್ತಾರ."

ಇಷ್ಟೆಲ್ಲ ಕಿರ್ದಿ ಸರಿಯಾಗಿ ಬರೆದ ಮೇಲೆ ಕೊನೆಗೆ ಜಮಾ-ಖರ್ಚು ತಾಳೆಯಾಗಬೇಕಲ್ಲ, ಆಗುತ್ತಿದೆ. 2023ರ ಫೆಬ್ರುವರಿಯಲ್ಲಿ ಮಂಡ್ಯದ ಕಡೆಯ ಮೂವತ್ತು ದಾಟಿದ ರೈತ ಹುಡುಗರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಬ್ರಹ್ಮಚಾರಿಗಳ ಪಾದಯಾತ್ರೆ ಹೊರಟಿದ್ದರು. ನಮ್ಮ ಕಡೆ ಇನ್ನೂ ಪಾದಯಾತ್ರೆ ಹೊರಟಿಲ್ಲ, ಮೋಟಾರ್ ಸೈಕಲ್ ಮೇಲೆ ತಿರುಗುತ್ತಿದ್ದಾರೆ. "ಕೀರ್ತಿಗೊಬ್ಬ ಮಗ" ಎಂದು ಹಡೆದ ಮಗ ಐದು ಎಕರೆ ಕಬ್ಬು, ಹೊಸ ಟ್ರ್ಯಾಕ್ಟರ್, ಸ್ಲ್ಯಾಬಿನ ಮನೆ ಎಲ್ಲ ಇಟ್ಟುಕೊಂಡು, ಏಜೆಂಟನಿಗೆ ಕಮಿಷನ್ ಕೊಟ್ಟು ಹೆಣ್ಣು ಹುಡುಕಿಸುತ್ತಾನೆ. "ಆರತಿಗೊಬ್ಬ ಮಗಳು" ಇದ್ದ ಮನೆಯವರು ಈಗ ಹುಡುಗನ ಉತಾರ ಕೇಳುತ್ತಾರೆ, ನೌಕರಿ ಕೇಳುತ್ತಾರೆ, ಕುಡಿಯುತ್ತಾನೋ ಎಂದೂ ಕೇಳುತ್ತಾರೆ. ಮೊನ್ನೆ ಇಂಥ ಒಬ್ಬ ವರನ ತಂದೆ ನನ್ನ ಎದುರೇ ನಿಟ್ಟುಸಿರು ಬಿಟ್ಟರು. "ಏನ ಕಾಲ ಬಂತೋ ಮಾರಾಯಾ, ಹೆಣ್ಣ ಅನ್ನೂವು ಎಲ್ಲಿ ಹೋದವೋ ಏನೋ!" ಅವರ ಬೆರಗು ನಟನೆಯಲ್ಲ. ಅವರ ಮನೆಯ ಕಿರ್ದಿಯನ್ನು ಅವರ ತಾಯಿ ಬರೆಯುತ್ತಿದ್ದಳು, ಆಕೆ ತೀರಿಕೊಂಡು ಹತ್ತು ವರ್ಷ.

ಇಂಥ ವಿದ್ಯೆಗೆ ರಾಜ್ಯೋತ್ಸವ ಪ್ರಶಸ್ತಿಯೇ ಬೇಕು ಎಂದು ನಾನು ಹಟ ಹಿಡಿಯುವುದಿಲ್ಲ. ನಾಲ್ಕು ತಾಲೂಕಿನ ಪಂಚಾಯಿತಿಗಳಾದರೂ ಒಂದೊಂದು ಶಾಲು ಹೊದಿಸಬಹುದು. ಶಾಲು ಬನಹಟ್ಟಿಯದೇ ಇರಲಿ, ಅಗ್ಗವಾಗುತ್ತದೆ. ಸಮಾರಂಭವನ್ನು ಮಾತ್ರ ಗುರುವಾರ ಇಟ್ಟುಕೊಳ್ಳಬೇಡಿ. ಗುರುವಾರ ಅಂಗನವಾಡಿಯಲ್ಲಿ ಲಸಿಕೆ ಇರುತ್ತದೆ, ಆಶಾ ಬೆಳಿಗ್ಗೆಯೇ ಬಂದು ನೀಲಿ ಡಬ್ಬಿ ಇಟ್ಟುಕೊಂಡು ಕೂತಿರುತ್ತಾಳೆ. ಪುಕ್ಕಟೆ.